ಒಂಬತ್ತು ಕಿಲೋದ ಡ್ರೈಯರ್

"ದಿನಕ್ಕೆ ಎಷ್ಟು ಸಲ ಬಟ್ಟೆ ಹಾಕ್ತೀರಿ ಮೇಡಂ?"

ಸೇಲ್ಸ್‌ಮನ್ ಕೇಳಿದ್ದು ತೀರಾ ಸಾದಾ ಪ್ರಶ್ನೆ. ಐವತ್ತು ದಾಟಿದ ಮನುಷ್ಯ. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದರು, ಕೈಯಲ್ಲೊಂದು ಪ್ಯಾಡು, ಕಿವಿಯ ಮೇಲೊಂದು ಪೆನ್ನು. ಬಂದವರಿಗೆಲ್ಲ ಇದನ್ನೇ ಕೇಳಿ ಕೇಳಿ ಸವೆದುಹೋದ ದನಿ. ಆದರೂ ಅವಳು ಮೊದಲು ಗಂಡನ ಕಡೆ ನೋಡಿದಳು.

"ಒಂದ್ಸಲ," ಎಂದ ಗಂಡ, ಅವಳು ಬಾಯಿ ತೆರೆಯುವ ಮೊದಲೇ. "ನಾಲ್ಕು ಜನರ ಮನೆ. ಅದೂ ದಿನಾ ಎಲ್ಲಿ, ದಿನ ಬಿಟ್ಟು ದಿನ."

"ಎರಡು ಸಲ," ಎಂದಳು ಅವಳು. "ದಿನಾ."

ಗಂಡ ತಿರುಗಿ ನೋಡಿದ. ಅವನು ಲಿಫ್ಟ್ ಮೆಕ್ಯಾನಿಕ್. ಅಂಗಡಿಗೆ ಕಾಲಿಟ್ಟಾಗಿನಿಂದ ಒಂದೊಂದು ಯಂತ್ರದ ಮುಂದೆಯೂ ಕುಕ್ಕರಗಾಲಿನಲ್ಲಿ ಕೂತು, ಒಳಗೆ ಕೈಹಾಕಿ ಡ್ರಮ್ಮು ತಿರುಗಿಸಿ, ಕಿವಿಯಾನಿಸಿ ಬೇರಿಂಗಿನ ಸದ್ದು ಕೇಳುತ್ತಿದ್ದ. ಅಲ್ಲಿಯತನಕ ಖುಷಿಯಲ್ಲೇ ಇದ್ದ.

"ಎರಡು ಸಲ ಏನಿರತ್ತೆ ಹಾಕೋಕೆ?"

"ಇರತ್ತೆ. ನಿಮಗೆ ಗೊತ್ತಾಗಲ್ಲ."

ಮನೆಗೆ ಬಟ್ಟೆ ಒಣಗಿಸುವ ಡ್ರೈಯರ್ ಬೇಕು ಅನ್ನುವುದರಲ್ಲಿ ಇಬ್ಬರಿಗೂ ಜಗಳವಿರಲಿಲ್ಲ. ಮೂರನೇ ಮಹಡಿಯ ಮನೆ. ಬಾಲ್ಕನಿ ಇಲ್ಲ, ತಾರಸಿಗೆ ಬೀಗ. ಒದ್ದೆ ಬಟ್ಟೆಯೆಲ್ಲ ಕುರ್ಚಿಯ ಬೆನ್ನಿಗೆ, ಬಾಗಿಲ ನೆತ್ತಿಗೆ, ಕಿಟಕಿಯ ಸರಳಿಗೆ. ಟೀವಿ ನೋಡಬೇಕೆಂದರೂ ಲಂಗ ಸರಿಸಿ ನೋಡಬೇಕು. ಮಗಳ ಕೋಣೆಯ ಗೋಡೆಗೆ ಕಪ್ಪು ಬೂಷ್ಟು ಹತ್ತಿ, ಎಷ್ಟು ಉಜ್ಜಿದರೂ ವಾರಕ್ಕೆ ಮತ್ತೆ ಅಲ್ಲೇ ಹಾಜರು. "ಮನೆಯೋ ಧೋಬಿಘಾಟೋ!" ಎಂದು ಗೊಣಗಿ ಗೊಣಗಿ ಗಂಡನೇ ಒಂದು ದಿನ ಟೇಪು ತಂದು ಬಚ್ಚಲಿನ ಪಕ್ಕದ ಜಾಗ ಅಳೆದಿದ್ದ. ಅವನ ಲೆಕ್ಕದಲ್ಲಿ ಆರು ಕಿಲೋದ ಯಂತ್ರ ಸಾಕು. ಅವಳಿಗೆ ಒಂಬತ್ತು ಕಿಲೋದ್ದೇ ಬೇಕಿತ್ತು. ಯಾಕೆಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಹೇಳಬಾರದ ಆ ಕಾರಣ ಅದೇ ಸಾಲಿನ ತುದಿಯಲ್ಲಿ, ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ ತೊಟ್ಟು, ಒಂದು ಫ್ರಿಜ್ಜಿಗೆ ಅಂಟಿಸಿದ್ದ ಚೀಟಿಯನ್ನು ಓದುತ್ತ ನಿಂತಿತ್ತು. ಮಾವ ಮೂವತ್ತೆಂಟು ವರ್ಷ ಪತ್ರಿಕೆಯಲ್ಲಿ ಪ್ರೂಫ್ ನೋಡಿದವರು. ಔಷಧಿ ಡಬ್ಬಿಯಿಂದ ಹಿಡಿದು ಬಸ್ಸಿನ ಬೋರ್ಡಿನವರೆಗೆ ಏನು ಕಂಡರೂ ಅಕ್ಷರ ಬಿಡದೆ ಓದಿ, ತಪ್ಪು ಸಿಕ್ಕರೆ ಮಗುವಿನ ಹಾಗೆ ಹಿಗ್ಗುವವರು.

ಹತ್ತು ತಿಂಗಳ ಹಿಂದೆ ಒಂದು ಬೆಳಗ್ಗೆ ಹಾಲಿಗೆಂದು ಬೇಗ ಎದ್ದವಳು ಬಚ್ಚಲಲ್ಲಿ ಅವರನ್ನು ಕಂಡಿದ್ದಳು. ನೆಲದ ಮೇಲೆ ಕೂತು, ಮೈಗೆ ಹಚ್ಚುವ ಸೋಪಿನಲ್ಲಿ ತಮ್ಮ ಹಾಸಿಗೆಯ ಬಟ್ಟೆ ಉಜ್ಜುತ್ತಿದ್ದರು. ಅವಳು ಏನೂ ಕೇಳದೆ ಬಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡಿದ್ದಳು. "ಇದು ನಮ್ಮಿಬ್ಬರಲ್ಲೇ ಇರ್ಲಿ ಕಣಮ್ಮ. ಅವನಿಗೆ ಬೇಡ," ಎಂದಿದ್ದರು, ಗೋಡೆಗೆ ಮುಖ ಮಾಡಿ. ಯಾಕೆ ಬೇಡ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೆ ಸ್ವಲ್ಪ ದಿನ ಮೊದಲಷ್ಟೇ ಊಟಕ್ಕೆ ಕೂತಾಗ ಗಂಡ ತನ್ನ ಜೊತೆಯ ಮೆಕ್ಯಾನಿಕ್ಕಿನ ವಿಷಯ ತೆಗೆದಿದ್ದ: ಅವನಪ್ಪನಿಗೆ ಹಾಸಿಗೆಯಲ್ಲೇ ಎಲ್ಲ ಆಗುತ್ತಿತ್ತಂತೆ, ವೃದ್ಧಾಶ್ರಮಕ್ಕೆ ಬಿಟ್ಟನಂತೆ, "ಅದೇ ವಾಸಿ, ಇಬ್ಬರಿಗೂ ನೆಮ್ಮದಿ." ಮಾವ ತಟ್ಟೆಯಿಂದ ತಲೆಯೆತ್ತಿರಲಿಲ್ಲ.

ಅಂದಿನಿಂದ ಅವರಿಬ್ಬರದೂ ಒಂದು ಕಳ್ಳ ಸಂಸಾರ. ಗಂಡ ಆರೂವರೆಗೆ ಕೆಲಸಕ್ಕೆ ಹೊರಟ ಮೇಲೆ ಮಾವನ ಕೋಣೆಯಿಂದ ಎರಡು ಹಾಸು, ಒಂದು ಹೊದಿಕೆ, ಕೆಲವೊಮ್ಮೆ ದಿಂಬಿನ ಚೀಲವೂ ಬಚ್ಚಲಿಗೆ ಬರುತ್ತಿದ್ದವು; ಸಂಜೆ ಅವನು ಬರುವುದರೊಳಗೆ ಹೇಗೋ ಒಣಗಿ ಮತ್ತೆ ಹಾಸಿಗೆ ಸೇರಬೇಕಿತ್ತು. ವೈದ್ಯರು ಗುಳಿಗೆ ಕೊಟ್ಟಿದ್ದರು. ಅದರಿಂದ ನಿದ್ದೆ ಹೆಚ್ಚಾಯಿತೇ ಹೊರತು ಬೇರೇನೂ ಆಗಲಿಲ್ಲ. ದೊಡ್ಡವರು ಹಾಕಿಕೊಳ್ಳುವ ಪ್ಯಾಡು ತಂದುಕೊಟ್ಟಳು. ಮಾರನೇ ದಿನ ಆ ಪ್ಯಾಕೆಟ್ಟು ಒಡೆಯದೆ ಅವಳ ಹೊಲಿಗೆ ಮೆಷಿನ್ನಿನ ಮೇಲೆ ಕೂತಿತ್ತು.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಎರಡು ತಿಂಗಳ ಹಿಂದೆ ಗಂಡ ಮರೆತ ಐಡಿ ಕಾರ್ಡಿಗೆಂದು ಅರ್ಧ ದಾರಿಯಿಂದ ವಾಪಸು ಬಂದ. ಬಕೆಟ್ಟಿನಲ್ಲಿದ್ದ ಹಾಸನ್ನು ನೋಡಿದ, ವಾಸನೆ ಮೂಗಿಗೆ ಬಡಿಯಿತು. "ಯಾರದ್ದಿದು?" ಎಂದ. ಮಾವ ಬಾಗಿಲಾಚೆ ಉಸಿರು ಬಿಗಿಹಿಡಿದು ನಿಂತಿದ್ದರೇನೋ ಅನ್ನಿಸಿತು ಅವಳಿಗೆ. ಯೋಚಿಸಲು ಒಂದು ಗಳಿಗೆಯೂ ಇರಲಿಲ್ಲ.

"ಗುಬ್ಬೀದು," ಅಂದುಬಿಟ್ಟಳು, ಪಿಸುದನಿಯಲ್ಲಿ.

ಮಗಳು ಗುಬ್ಬಿಗೆ ಎಂಟು ವರ್ಷ. ಗಂಡ ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ಅವಳು ನಿಜ ಹೇಳುತ್ತಿದ್ದಳೇನೋ. ಅವನು ಒಳ್ಳೆಯವನಾಗಿ ಅವಳ ಬಾಯಿಗೆ ಬೀಗ ಹಾಕಿದ. ಸಂಜೆ ಆರರ ಮೇಲೆ ಮಗುವಿಗೆ ನೀರು ಕೊಡಬೇಡ ಎಂದ. ಮಗಳ ಹಾಸಿನ ಕೆಳಗೆ ಪ್ಲಾಸ್ಟಿಕ್ಕು ಹಾಸಿದ. ಅಲಾರಾಂ ಇಟ್ಟುಕೊಂಡು ನಡುರಾತ್ರಿ ತಾನೇ ಎದ್ದು ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಚ್ಚಲಿಗೆ ಕರೆದೊಯ್ದ. "ತಾತನ ಮುಂದೆ ಈ ಮಾತು ಎತ್ತಬೇಡ, ಮಗು ನಾಚ್ಕೊಳ್ಳತ್ತೆ," ಎಂದು ಅವಳಿಗೇ ಹೇಳಿದ. ಹೋದ ವಾರ ಗುಬ್ಬಿಯ ತರಗತಿಯವರೆಲ್ಲ ಮೂರು ದಿನ ಪ್ರವಾಸ ಹೋದರು. ಗುಬ್ಬಿ ಹೋಗಲಿಲ್ಲ. "ಅಲ್ಲಿ ಎಲ್ರೆದುರು ಹಾಗಾದ್ರೆ ಏನ್ ಗತಿ?" ಎಂದಿದ್ದ ಗಂಡ. ಮಾವ ಕೇಳಿದಾಗ ಅವಳು ಕೆಮ್ಮು ಎಂದಿದ್ದಳು. ಸುಳ್ಳಿಗೆ ಮರಿಸುಳ್ಳು.

"ಎರಡು ಸಲ ಅಂದ್ರೆ ಹೀಟ್ ಪಂಪ್ ಇರೋದೇ ತಗೊಳ್ಳಿ," ಸೇಲ್ಸ್‌ಮನ್ ಹೇಳುತ್ತಿದ್ದರು. "ಕರೆಂಟು ಕಮ್ಮಿ. ಆದ್ರೆ ನಿಧಾನ, ಎರಡೂವರೆ ಮೂರು ಗಂಟೆ ಹಿಡಿಯತ್ತೆ. ಬೇಗ ಆಗ್ಬೇಕು ಅಂದ್ರೆ ಈ ಕಡೇದು, ಬಿಸಿಗಾಳಿ ಪೈಪಲ್ಲಿ ಆಚೆ ಹೋಗತ್ತೆ. ಗೋಡೆಗೊಂದು ತೂತು ಕೊರೀಬೇಕು ಅಷ್ಟೆ."

"ಸದ್ದು ಯಾವುದು ಕಮ್ಮಿ?" ಅವಳು ಕೇಳಿದಳು.

"ಸದ್ದಾದ್ರೆ ಏನೀಗ?" ಗಂಡ ಎದ್ದು ನಿಂತ. "ಕದ್ದು ಒಣಗಿಸ್ಬೇಕಾ?"

ಅವಳು ನಕ್ಕಳು. ನಗು ತುಟಿಯ ಮೇಲೇ ಒಣಗಿತು.

"ನೋಡಿ ಸರ್, ಎಷ್ಟು ದೊಡ್ಡದು ಬೇಕು ಅನ್ನೋದು ಏನು ಹಾಕ್ತೀರಿ ಅನ್ನೋದರ ಮೇಲೆ," ಸೇಲ್ಸ್‌ಮನ್ ಗಂಡನ ಕಡೆ ತಿರುಗಿದರು. "ಅಂಗಿ ಪ್ಯಾಂಟಿಗೆ ಆರು ಕಿಲೋ ಸಾಕು. ಹೊದಿಕೆ, ಹಾಸು ಅಂದ್ರೆ ಒಂಬತ್ತು ಬೇಕೇ ಬೇಕು. ಸಣ್ಣ ಡ್ರಮ್ಮಲ್ಲಿ ಉಂಡೆ ಕಟ್ಟಿ ಕೂರತ್ತೆ, ಹೊರಗೆ ಬಿಸಿ, ಒಳಗೆ ಒದ್ದೆ."

"ಹಾಸು ಹೊದಿಕೆ ದಿನಾ ಯಾರು ಒಗೀತಾರೆ?"

"ನಾನು ಒಗೀತೀನಿ," ಎಂದಳು ಅವಳು. ದನಿ ಅಂದುಕೊಂಡಿದ್ದಕ್ಕಿಂತ ಮೇಲೆ ಹೋಯಿತು. "ಒಗೆಯೋಳು ನಾನು, ಒಣಗಿಸೋಳು ನಾನು. ಒಂಬತ್ತು ಕಿಲೋದ್ದು ಬೇಕು ಅಂದ್ರೆ ಬೇಕು. ಇಷ್ಟಕ್ಕೂ ಯಾಕೆ ಕೋರ್ಟಲ್ಲಿ ಕೇಳಿದ ಹಾಗೆ ಕೇಳ್ತೀರಿ?"

ಪಕ್ಕದ ಸಾಲಿನ ದಂಪತಿ ಇತ್ತ ನೋಡಿದರು. ಗಂಡನ ಮುಖ ಕೆಂಪಾಯಿತು. ಅವನು ಸುತ್ತ ಕಣ್ಣು ಹಾಯಿಸಿದ. ಅಪ್ಪ ಫ್ರಿಜ್ಜಿನ ಹತ್ತಿರ ಇದ್ದಾರೆ. ಮಗಳು ಎರಡು ಯಂತ್ರದಾಚೆ ಒಂದು ಡ್ರೈಯರಿನ ಬಾಗಿಲು ತೆಗೆದು ಹಾಕಿ ತೆಗೆದು ಹಾಕಿ ಆಡುತ್ತಿದ್ದಾಳೆ. ಸೇಲ್ಸ್‌ಮನ್‌ನ ಕಡೆ ಬಾಗಿ ದನಿ ತಗ್ಗಿಸಿದ.

"ಮಗಳು ಹಾಸಿಗೆ ಒದ್ದೆ ಮಾಡ್ಕೋತಾಳೆ. ಅದಕ್ಕೆ ಇವಳು ಹಾಗಂತಾಳೆ. ಆದ್ರೆ ಅದು ಇವತ್ತಲ್ಲ ನಾಳೆ ನಿಲ್ಲತ್ತಲ್ಲ? ಅದಕ್ಕಂತ ಅಷ್ಟು ದೊಡ್ಡ ಮೆಷಿನ್ ಯಾಕೆ ಅಂತ ನಾನು."

"ಓ, ಮಕ್ಕಳಲ್ವಾ ಸರ್, ನಿಲ್ಲತ್ತೆ," ಎಂದರು ಸೇಲ್ಸ್‌ಮನ್.

ತೆಗೆದು ಹಾಕುತ್ತಿದ್ದ ಬಾಗಿಲಿನ ಸದ್ದು ನಿಂತಿತ್ತು. ಗುಬ್ಬಿ ಬಾಗಿಲು ಹಿಡಿದುಕೊಂಡೇ ನಿಂತಿದ್ದಳು. ಕಿವಿಯ ತುದಿಯವರೆಗೂ ಕೆಂಪು. ಅವಳು ಅಪ್ಪನನ್ನು ನೋಡುತ್ತಿರಲಿಲ್ಲ, ಅಮ್ಮನನ್ನು ನೋಡುತ್ತಿದ್ದಳು. ಈಗ ಹೇಳಬೇಕು, ಇದೇ ಗಳಿಗೆ, ಎಂದು ತಾಯಿಗೆ ಅನ್ನಿಸಿತು. ಬಾಯಿ ತೆರೆದಳು. ಆದರೆ ಹತ್ತು ತಿಂಗಳು ಕಾಪಾಡಿದ ಮಾತು ನಾಲಗೆಯ ಮೇಲೆ ಕಲ್ಲಾಗಿ ಕೂತಿತ್ತು.

"ಅಲ್ಲೊಂದು ತಪ್ಪಿದೆ."

ಮಾವ. ಅವರು ಯಾವಾಗ ಬಂದರೋ, ಗಂಡನ ಬೆನ್ನ ಹಿಂದೆಯೇ ನಿಂತಿದ್ದರು. ಯಾವುದೋ ಚೀಟಿಯ ಕಾಗುಣಿತ ಇರಬೇಕೆಂದುಕೊಂಡು ಗಂಡ, "ಆಮೇಲೆ ಹೇಳಿ ಅಪ್ಪ," ಎಂದ.

"ಆಮೇಲಲ್ಲ, ಈಗ. ನೀನು ಹೇಳಿದ್ದರಲ್ಲಿ ತಪ್ಪಿದೆ. ಮಗೂದಲ್ಲ ಅದು. ನಂದು."

ಗಂಡನಿಗೆ ಅರ್ಥವಾಗಲಿಲ್ಲ. ಮಾವ ಅಂಗಿಯ ಮೇಲಿನ ಗುಂಡಿಯನ್ನು ಹಿಡಿದುಕೊಂಡಿದ್ದರು, ಅದೊಂದು ಆಧಾರ ಎಂಬಂತೆ.

"ಹಾಸಿಗೆ ಒದ್ದೆ ಮಾಡ್ಕೊಳ್ಳೋನು ನಾನು. ಹತ್ತು ತಿಂಗಳಾಯ್ತು. ಹೆಚ್ಚುಕಮ್ಮಿ ದಿನಾ. ನಿನಗೆ ಹೇಳ್ಬೇಡ ಅಂತ ಇವಳ ಹತ್ರ ಮಾತು ತಗೊಂಡಿದ್ದೆ. ಮಗೂ ಮೇಲೆ ಬಂದಿದೆ ಅಂತ ನನಗೆ ಗೊತ್ತಿರ್ಲಿಲ್ಲ." ಅವರು ಸೊಸೆಯ ಕಡೆ ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ, ಅದೇ ಅವಳಿಗೆ ಸಹಿಸಲಾಗಲಿಲ್ಲ. "ಕೆಮ್ಮು ಅಂದೆ ನೀನು."

ಸೇಲ್ಸ್‌ಮನ್ ಪ್ಯಾಡಿನಲ್ಲಿ ಏನೋ ಬರೆಯುವುದಿದೆ ಎಂಬಂತೆ ನಾಲ್ಕು ಹೆಜ್ಜೆ ಆಚೆ ಸರಿದರು.

ಗಂಡ ಅಪ್ಪನನ್ನು, ಹೆಂಡತಿಯನ್ನು, ಮತ್ತೆ ಅಪ್ಪನನ್ನು ನೋಡಿದ. ಆಮೇಲೆ ತಿರುಗಿ ಸಾಲಿನುದ್ದಕ್ಕೂ ನಡೆದುಹೋಗಿ, ಕೊನೆಯ ಯಂತ್ರದ ಮುಂದೆ ಬೆನ್ನು ಹಾಕಿ ನಿಂತ. ಅವನು ಹಾಗೇ ಆಚೆ ಹೊರಟುಬಿಡುತ್ತಾನೆ ಎಂದುಕೊಂಡಳು. ಮನೆಗೆ ಹೋಗಿ ಯಾರಿಗೋ ಫೋನು ಮಾಡಿ ಆಶ್ರಮದ ವಿಳಾಸ ಕೇಳುತ್ತಾನೆ ಎಂದುಕೊಂಡಳು. ಮಾವನೂ ಅದನ್ನೇ ಅಂದುಕೊಂಡಿರಬೇಕು, ನೆಟ್ಟಗೆ ನಿಂತಿದ್ದವರು ಒಂದು ಯಂತ್ರಕ್ಕೆ ಕೈಯಾನಿಸಿದರು.

ಗುಬ್ಬಿ ಮೆಲ್ಲಗೆ ತಾತನ ಹತ್ತಿರ ಬಂದಳು. "ನಿಮ್ದಾ ತಾತ?"

"ನಂದೇ ಪುಟ್ಟ."

"ಹಾಗಾದ್ರೆ ನಂದಲ್ವಾ?"

ಆ ಪ್ರಶ್ನೆಗೆ ಅಮ್ಮ ಬೆಚ್ಚಿಬಿದ್ದಳು. ಮಗಳ ಮುಂದೆ ಕೂತು ಭುಜ ಹಿಡಿದಳು. "ನಿಂದಲ್ಲ ಅಂತ ನಿನಗೆ ಗೊತ್ತಿತ್ತಲ್ಲ ಕಂದ?"

"ನೀನೇ ಅಪ್ಪಂಗೆ ನಂದು ಅಂದ್ಯಲ್ಲ," ಎಂದಳು ಗುಬ್ಬಿ. ದೂರುವ ದನಿಯಲ್ಲ, ನೆನಪು ಮಾಡಿಕೊಡುವ ದನಿ. "ರಾತ್ರಿ ಎದ್ದೆದ್ದು ಮುಟ್ಟಿ ನೋಡ್ಕೋತಿದ್ದೆ. ಒಣಗೇ ಇರ್ತಿತ್ತು. ಆಮೇಲೆ ನಿದ್ದೆ ಬಂದಾಗ ಆಗತ್ತೆ, ನಾನು ಏಳೋದ್ರೊಳಗೆ ನೀನು ಬಟ್ಟೆ ಬದಲಾಯಿಸ್ತೀಯ ಅಂದ್ಕೊಂಡಿದ್ದೆ. ಅಪ್ಪ ಬೈಬಾರದು ಅಂತ."

ಅವಳ ಕೈ ಮಗಳ ಭುಜದಿಂದ ತಾನಾಗಿ ಜಾರಿತು. ಒಂದು ಮಗು ಎರಡು ತಿಂಗಳು ತನ್ನ ಮೈಯನ್ನೇ ನಂಬದೆ ಮಲಗಿತ್ತು. ಗಂಡ ಯಾವಾಗಲೋ ವಾಪಸು ಬಂದು ನಿಂತಿದ್ದ. ಅವನೂ ಅದನ್ನು ಕೇಳಿಸಿಕೊಂಡಿದ್ದ.

"ನನ್ಹತ್ರ ಹೇಳೋಕೇನಾಗಿತ್ತು?" ಎಂದ, ಅಪ್ಪನಿಗೆ.

"ಅದೇ ವಾಸಿ ಅಂದಿದ್ದೆಯಲ್ಲ ನೀನು, ಆವತ್ತು ಊಟದ ಹೊತ್ತಲ್ಲಿ."

ಗಂಡನಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೆನಪಾದದ್ದು ಮುಖದಲ್ಲಿ ಕಂಡಿತು. "ಅದು ಯಾರದ್ದೋ ಮನೆ ಮಾತು," ಎನ್ನಲು ಹೊರಟವನು ಅರ್ಧಕ್ಕೇ ನಿಲ್ಲಿಸಿದ. ಪಕ್ಕದ ಯಂತ್ರದ ಬಾಗಿಲಿಗೆ ಕೈಯಿಟ್ಟು ಸೇಲ್ಸ್‌ಮನ್‌ನನ್ನು ಕೂಗಿ ಕರೆದ.

"ಇದರ ಬಾಗಿಲು ತೀರಾ ತಗ್ಗಲ್ಲಿದೆಯಲ್ಲ. ವಯಸ್ಸಾದವರು ಬಗ್ಗಬೇಕಾಗತ್ತೆ. ಕೆಳಗೆ ಸ್ಟ್ಯಾಂಡ್ ಬರತ್ತಾ?"

"ಬರತ್ತೆ ಸರ್. ಯಾವುದಕ್ಕೆ, ಆರು ಕಿಲೋದಕ್ಕಾ?"

"ಒಂಬತ್ತು ಕಿಲೋದಕ್ಕೆ," ಎಂದ ಗಂಡ. ಅವಳ ಕಡೆ ನೋಡಲಿಲ್ಲ.

ಬಸ್ಸಿನಲ್ಲೂ ನೋಡಲಿಲ್ಲ, ಆಮೇಲೆ ಎರಡು ದಿನ ಮಾತೂ ಆಡಲಿಲ್ಲ. ಮೂರನೇ ದಿನ ಬೆಳಗ್ಗೆ ಟೂಲ್ ಬ್ಯಾಗು ಹೆಗಲಿಗೇರಿಸುತ್ತ, "ಹತ್ತು ತಿಂಗಳು ಒಬ್ಬಳೇ ಒಗೆದ್ಯಾ?" ಎಂದಷ್ಟೇ ಕೇಳಿದ. ಅವಳು ಹೂಂ ಎಂದಳು. ಅವನು ಹೋಗುವ ಮೊದಲು ಅಪ್ಪನ ಕೋಣೆಗೆ ಹೋಗಿ ಹಾಸನ್ನು ತಾನೇ ತಂದು ಬಕೆಟ್ಟಿಗೆ ಹಾಕಿದ. ಮಾವ ಆ ಹೊತ್ತಿಗೆ ಪತ್ರಿಕೆಯನ್ನು ಮುಖಕ್ಕಡ್ಡ ಹಿಡಿದು ಕೂತಿದ್ದರು. ಪುಟ ತಿರುಗಲಿಲ್ಲ.

ಗುಬ್ಬಿಯ ಬಳಿ ಅವಳು ತಪ್ಪಾಯಿತೆಂದು ಹೇಳಿದ್ದಳು. ಗುಬ್ಬಿ ಹೋಂವರ್ಕಿನಿಂದ ತಲೆಯೆತ್ತದೆ, "ಆಯ್ತು," ಎಂದಿದ್ದಳು. ಪ್ರವಾಸದ ಫೋಟೋಗಳು ಶಾಲೆಯ ಗೋಡೆಯ ಮೇಲೆ ಬಂದಿವೆಯೆಂದು ಅದೇ ಉಸಿರಿನಲ್ಲಿ ಹೇಳಿದ್ದಳು. ಅಂದಿನಿಂದ ಜಡೆ ಹಾಕಿಸಿಕೊಳ್ಳಲು ಅಮ್ಮನ ಹತ್ತಿರ ಬರುತ್ತಿರಲಿಲ್ಲ; ತಾನೇ ಸೊಟ್ಟಗೆ ಹಾಕಿಕೊಂಡು ಹೋಗುತ್ತಿದ್ದಳು.

ಶನಿವಾರ ಮಧ್ಯಾಹ್ನ ಯಂತ್ರ ಬಂತು. ಇಬ್ಬರು ಹೊತ್ತು ತಂದು ಸ್ಟ್ಯಾಂಡಿನ ಮೇಲೆ ಕೂರಿಸಿ ಹೋದರು. ಗಂಡ ಅದನ್ನು ಅಲುಗಾಡಿಸಿ ನೋಡಿ, ಒಂದು ಕಾಲಿನ ಕೆಳಗೆ ರಟ್ಟು ಮಡಚಿ ತುರುಕಿದ. ಮಾವ ಕೈಪಿಡಿಯನ್ನು ಮೊದಲ ಪುಟದಿಂದ ಓದಲು ಕೂತರು. "ಅದಿರ್ಲಿ ಅಪ್ಪ, ಇಲ್ಲಿ ಬನ್ನಿ," ಎಂದು ಗಂಡ ಅವರನ್ನು ಎಬ್ಬಿಸಿ, ಒಗೆದ ಹಾಸನ್ನು ಒಳಗೆ ಹಾಕಿಸಿ, "ಇದು ಹಾಸಿಗೆ ಬಟ್ಟೆಗೆ. ಇದು ಶುರು," ಎಂದು ಗುಂಡಿ ತೋರಿಸಿದ. ಮಾವ ಒಮ್ಮೆ ಒತ್ತಿದರು, ಏನೂ ಆಗಲಿಲ್ಲ. ಗಂಡ ಅವರ ಬೆರಳಿನ ಮೇಲೆ ತನ್ನ ಬೆರಳಿಟ್ಟು ಗಟ್ಟಿಯಾಗಿ ಒತ್ತಿದ. ಡ್ರಮ್ಮು ಗುಂಯ್ ಎಂದು ತಿರುಗತೊಡಗಿತು. ಅಪ್ಪ ಮಗ ಇಬ್ಬರೂ ಟೀ ಕುಡಿಯಲು ಒಳಗೆ ಹೋದರು.

ಗುಬ್ಬಿ ಮಾತ್ರ ಅಲ್ಲೇ ನಿಂತಿದ್ದಳು. ಗಾಜಿನ ಆಚೆ ಬಿಳಿ ಹಾಸು ಮೇಲೇರಿ, ಒಂದು ಕ್ಷಣ ತೂಗಿ, ದೊಪ್ಪನೆ ಬೀಳುತ್ತಿತ್ತು. ಅವಳು ಬಂದು ಮಗಳ ಪಕ್ಕ ನಿಂತಳು. ತುಸು ಹೊತ್ತಿನ ಮೇಲೆ ಗುಬ್ಬಿ ಅಂಗೈಯನ್ನು ಗಾಜಿನ ಮೇಲಿಟ್ಟಳು.

"ಬೆಚ್ಚಗಾಗ್ತಿದೆ," ಎಂದಳು, ಯಾರಿಗೂ ಅಲ್ಲದ ಹಾಗೆ.

ಅಮ್ಮ ತನ್ನ ಕೈಯನ್ನೂ ಅದರ ಪಕ್ಕದಲ್ಲಿ, ತಾಗದಂತೆ, ಇಟ್ಟಳು. ಗುಬ್ಬಿ ತಿರುಗಿ ನೋಡಲಿಲ್ಲ. ಕೈಯನ್ನು ಅಲ್ಲಿಂದ ತೆಗೆಯಲೂ ಇಲ್ಲ.