ಎರಡನೇ ಒಲೆ

ಗಂಗಾಧರಪ್ಪ ಅರ್ಜಿಯನ್ನು ಎರಡು ಸಲ ಓದಿದ. ಮತ್ತೆ ಓದಲು ಹೋದವನು ಕನ್ನಡಕ ತೆಗೆದು ತಮ್ಮನ ಮಗಳ ಮುಖ ನೋಡಿದ.

“ನಿಮ್ಮಪ್ಪ ನನ್ನಿಂದ ಬೇರೆಯಾಗವ್ನೆ ಅಂತ ನಾನು ಬರ್ಕೊಡ್ಬೇಕಾ?”

“ಬರೀ ಕಾಗದದ ಮೇಲೆ ದೊಡ್ಡಪ್ಪ,” ಎಂದಳು ನೀಲಾಂಬಿಕೆ. “ಒಟ್ಟು ಕುಟುಂಬ ಅಂದ್ರೆ ನಿಮ್ಮ ಅಂಗಡಿ, ಜಮೀನು ಎಲ್ಲಾ ಸೇರಿಸಿ ಲೆಕ್ಕ ಹಾಕ್ತಾರೆ. ಆಗ ಸಾಲವೂ ಇಲ್ಲ, ಸ್ಕಾಲರ್‌ಷಿಪ್ಪೂ ಇಲ್ಲ. ಅಪ್ಪನ ಪಾಲು ಮಾತ್ರ ತೋರಿಸಿದ್ರೆ ಸಿಗುತ್ತೆ ಅಂತ ಶಾನುಭೋಗರು ಅಂದ್ರು.”

ಅದು ಐವತ್ತೈದನೇ ಇಸವಿ. ಬೆಟ್ಟದಪುರದ ಆ ಮನೆಯ ಹುಡುಗಿ ಮೈಸೂರಿನಲ್ಲಿ ಡಾಕ್ಟರಿಕೆಯ ಮೂರನೇ ವರ್ಷಕ್ಕೆ ಬಂದಿದ್ದಳು. ಇಲ್ಲಿಯವರೆಗೆ ಫೀಸು, ಹಾಸ್ಟೆಲಿನ ಖರ್ಚು ಎಲ್ಲವನ್ನೂ ದೊಡ್ಡಪ್ಪನೇ ಅಂಗಡಿಯಿಂದ ಕೊಟ್ಟಿದ್ದ. ಈ ವರ್ಷ ಅವನ ಹಿರಿಮಗಳ ಮದುವೆ ಗೊತ್ತಾಗಿತ್ತು. “ಒಂದ್ ವರ್ಸ ಮನೇಲಿರವ್ವ, ಆಮ್ಯಾಕೆ ಓದೀವಂತೆ” ಎಂದಿದ್ದ. ನಡುವೆ ಬಿಟ್ಟರೆ ಜಾಗ ಹೋಗುತ್ತದೆ ಎಂದು ಅವನಿಗೆ ತಿಳಿಸಿ ಹೇಳಲಾಗದೆ ನೀಲಾ ಸರ್ಕಾರದ ಸಾಲಕ್ಕೆ ಅರ್ಜಿ ತಂದಿದ್ದಳು. ದೊಡ್ಡಪ್ಪನ ಭಾರ ಇಳಿಯುತ್ತದೆ ಎಂದುಕೊಂಡೇ ಬಂದಿದ್ದಳು. ಆದರೆ ಅವನ ಮುಖದಲ್ಲಿ ಭಾರ ಇಳಿದಂತೆ ಕಾಣಲಿಲ್ಲ.

“ನೀನೇನಂತೀಯಾ ರುದ್ರ?”

ಕಂಬಕ್ಕೆ ಒರಗಿ ಕುಳಿತಿದ್ದ ನೀಲಾಳ ತಂದೆ ರುದ್ರಸ್ವಾಮಿ ತಲೆಯೆತ್ತದೆ, “ನಾನೇನ್ ಅನ್ಲಣ್ಣ, ನೀನು ಎಂಗೇಳಿದ್ರೆ ಅಂಗೆ” ಎಂದ. ಹುಟ್ಟಿದಾಗಿನಿಂದ ಅಣ್ಣನಿಗೆ ಅವನು ಹೇಳುತ್ತಿದ್ದುದು ಅದೊಂದೇ ಮಾತು. ಇವತ್ತು ಮಾತ್ರ ಗಂಗಾಧರಪ್ಪ ತಮ್ಮನ ಬಾಯಿಂದ ಇನ್ನೇನೋ ಬರಲೆಂದು ಕಾಯುವವನಂತೆ ಕನ್ನಡಕವನ್ನು ನಿಧಾನವಾಗಿ ಒರೆಸಿ ಹಾಕಿಕೊಂಡು, ಆಮೇಲೆ ಸಹಿ ಹಾಕಿದ. ಸಾಲಕ್ಕೆ ಜಾಮೀನು ಬೇಕೆಂದಾಗ ಅಲ್ಲಿಯೂ ಅವನೇ ಸಹಿ ಹಾಕಿದ. “ಮ್ಯಾಲೆ ಬ್ಯಾರೆ, ಕೆಳ್ಗೆ ಜಾಮೀನು” ಎಂದು ನಕ್ಕ. ಬೇರೆ ಯಾರೂ ನಗಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಪಿರಿಯಾಪಟ್ಟಣದಿಂದ ಕಂದಾಯದ ಶೇಕ್ದಾರರು ಬಂದು ಮನೆ ನೋಡುತ್ತಾರೆ, ಒಲೆ ಒಂದೇ ಇದ್ದರೆ ಕುಟುಂಬವೂ ಒಂದೇ ಎಂದು ಬರೆದುಬಿಡುತ್ತಾರೆ ಎಂದು ಶಾನುಭೋಗರು ಹೇಳಿಕಳಿಸಿದರು.

“ಅದಕ್ಯಾಕೆ ಯೋಚ್ನೆ,” ಎಂದು ದೊಡ್ಡವ್ವ ಗುರುಶಾಂತಮ್ಮ ಸೀರೆ ಎತ್ತಿಕಟ್ಟಿದಳು. ಹಿತ್ತಲ ಕಡೆಯ ಕೋಣೆಯಲ್ಲಿದ್ದ ರಾಗಿ ಮೂಟೆಗಳನ್ನು ಸರಿಸಿ, ಕೆರೆಯ ಮಣ್ಣು ತರಿಸಿ, ತಾನೇ ಕೂತು ಒಲೆ ಹಾಕಿದಳು. ನೀಲಾಳ ತಾಯಿ ಪ್ರೇಮಮ್ಮ ಸಗಣಿ ಸಾರಿಸಿದಳು. ವಾರಗಿತ್ತಿಯರಿಬ್ಬರೂ ಮಕ್ಕಳ ಆಟದಂತೆ ನಗುತ್ತ ಪಾತ್ರೆಗಳನ್ನು ಹಂಚಿಕೊಂಡರು.

“ದೊಡ್ಡ ತಪ್ಪಲೆ ನೀನೇ ಇಟ್ಕೊ ಪ್ರೇಮ. ಸೇಕ್ದಾರ ಬಂದೋದ್ ಮ್ಯಾಕೆ ತಂದಿಡೀವಂತೆ.”

“ಅಕ್ಕ, ನನ್ನೊಲೆನೇ ಚೆಂದಾಗೈತೆ ನೋಡು!”

ಶೇಕ್ದಾರರು ಬಂದರು. ದೊಡ್ಡ ಅಡಿಗೆಮನೆಯ ಬಾಗಿಲಲ್ಲಿ ನಿಂತು ಇಣುಕಿದರು, ಹಿತ್ತಲ ಕೋಣೆಗೂ ಇಣುಕಿದರು. ಎರಡು ಕಡೆಯ ಕಾಫಿಯನ್ನೂ ಕುಡಿದರು. ಪುಡಿ ಒಂದೇ ಡಬ್ಬಿಯದು, ಹಾಲು ಒಂದೇ ಎಮ್ಮೆಯದು. ಎರಡನೇ ಲೋಟ ಕೆಳಗಿಟ್ಟು, “ಈ ಕಾಫಿ ಚೆನ್ನಾಗಿದೆಯಮ್ಮ” ಎಂದು ಪ್ರೇಮಮ್ಮನಿಗೆ ಹೇಳಿ ಹೊರಟರು. ಬಾಗಿಲ ಹಿಂದೆ ಗುರುಶಾಂತಮ್ಮ ನಿಂತಿದ್ದಳು.

ಸಾಲ ಮಂಜೂರಾಯಿತು. ನೀಲಾ ಮೈಸೂರಿಗೆ ಹೋದಳು.

ದೀಪಾವಳಿಗೆ ಊರಿಗೆ ಬಂದಾಗ ಮನೆಯ ಮೇಲೆ ಎರಡು ಕಡೆ ಹೊಗೆ ಏಳುತ್ತಿತ್ತು.

“ಇನ್ನೂ ಯಾಕವ್ವ ಇದು?” ಎಂದು ತಾಯಿಯನ್ನು ಕೇಳಿದಳು.

ಪ್ರೇಮಮ್ಮ ದನಿ ತಗ್ಗಿಸಿದಳು. “ನಿಮ್ ದೊಡ್ಡವ್ವ ಒಲೆ ಆರ್ಸು ಅನ್ನನಿಲ್ಲ ಕಣೆ. ತಪ್ಪಲೆ ತಕ್ಕೊಂಡೋದ್ರೆ, ಇರ್ಲಿ ಬುಡು, ನಿಂಗೇ ಬೇಕಾಯ್ತದೆ ಅಂದ್ರು. ನಾನಾಗೇ ಎಂಗೆ ಓಗಿ ಕೂರ್ಲಿ?”

ದೊಡ್ಡವ್ವನನ್ನು ಕೇಳಿದರೆ ಅವಳು ರೊಟ್ಟಿ ತಟ್ಟುತ್ತಲೇ ಹೇಳಿದಳು: “ಬಾ ಅಂತ ಯಾವ್ ಬಾಯಲ್ಲಿ ಕರೀಲಿ ಮಗ? ತಪ್ಪಲೆ ತಂದು ಬಾಗ್ಲಲ್ಲೇ ನಿಂತ್ಲು, ಒಳೀಕೆ ಬರ್ನಿಲ್ಲ. ಎಷ್ಟ್ ವರ್ಸದಿಂದ ಬ್ಯಾರೆ ಒಲೆ ಆಸೆ ಇತ್ತೋ ಏನೋ.”

“ಅಯ್ಯೋ, ಅವ್ವ ನೀವು ಕರೀಲಿ ಅಂತ ಕಾಯ್ತಿದಾಳೆ ದೊಡ್ಡವ್ವ.”

“ನನ್ ಸಮಾದಾನಕ್ಕೆ ಏಳ್ತಿದೀಯ ಬುಡು.”

ತಾಯಿಯ ಬಳಿಗೆ ಬಂದು ಇದನ್ನೇ ತಿರುಗಿಸಿ ಹೇಳಿದಳು. ತಾಯಿಯೂ ಅದೇ ಮಾತು ಅಂದಳು. ಇನ್ನೊಂದು ಸಲ ಹೇಳಬೇಕೆಂದು ಅಡಿಗೆಮನೆಯ ಕಡೆ ಹೆಜ್ಜೆಯಿಟ್ಟವಳು ನಡುಮನೆಯಲ್ಲೇ ನಿಂತುಬಿಟ್ಟಳು. ಸಾಲ ಮುಂದುವರಿಯಬೇಕಾದರೆ ಬರುವ ವರ್ಷವೂ ಶೇಕ್ದಾರರು ಬಂದು ಒಲೆ ನೋಡುತ್ತಾರೆ. ಒಂದು ವೇಳೆ ಇವರಿಬ್ಬರೂ ತನ್ನ ಮಾತು ಕೇಳಿ ಇವತ್ತೇ ಒಂದಾಗಿಬಿಟ್ಟರೆ? ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಬಗ್ಗೆಯೇ ಗಾಬರಿಯಾಯಿತು. ಮನಸ್ಸು ಯಾವುದನ್ನು ಬೇಡುತ್ತಿದೆ ಎಂಬುದು ಅವಳಿಗೇ ತಿಳಿಯಲಿಲ್ಲ.

ಅಂಗಡಿಯಲ್ಲಿ ದೊಡ್ಡಪ್ಪ ಒಬ್ಬನೇ ಕುಳಿತಿದ್ದ. ಅವಳನ್ನು ಗಲ್ಲಾಪೆಟ್ಟಿಗೆಯ ಪಕ್ಕ ಕೂರಿಸಿಕೊಂಡು ಹುರಿಗಡಲೆ ಕೊಟ್ಟ.

“ಓದ್ದೋಳು ನೀನು, ನೀನೇ ಏಳವ್ವ. ಅವತ್ತು ನಾನ್ ಬರ್ಕೊಟ್ಟಿದ್ದು ದಿಟವೋ, ಸುಳ್ಳೋ?”

“ಸುಳ್ಳೇ ದೊಡ್ಡಪ್ಪ.”

“ಅಂಗಾದ್ರೆ ನಿಮ್ಮಪ್ಪ ಮೊನ್ನೆ ಬಂದು, ಕೆಳಗಲ ಒಲದ ರಾಗಿ ಯಾರ ಕಣಜಕ್ಕೆ ಆಕ್ಲಣ್ಣ ಅಂತ ಯಾಕೆ ಕೇಳ್ದ?”

ನೀಲಾ ಹುರಿಗಡಲೆಯನ್ನು ಅಂಗೈಯಲ್ಲಿ ಉರುಳಿಸುತ್ತ ಕೂತಳು. ಅಪ್ಪ ಕೇಳಿದ್ದು ಹೆದರಿಯೋ, ಆಸೆಯಿಂದಲೋ, ಅಥವಾ ಯಾವತ್ತಿನಂತೆ ಅಣ್ಣನ ಅಪ್ಪಣೆಗಾಗಿಯೋ?

“ನೀವೇನಂದ್ರಿ?”

“ನಿಂಗೆ ಎಂಗ್ ತೋರ್ತದೋ ಅಂಗೆ ಮಾಡು ಅಂದೆ,” ಎಂದ ಗಂಗಾಧರಪ್ಪ. “ಅಂಗನ್ನಬಾರ್ದಿತ್ತೇನೋ.”

ರಜೆ ಮುಗಿಸಿ ಹೊರಟ ಬೆಳಿಗ್ಗೆ ಎಲ್ಲರೂ ಬಸ್ಸಿನವರೆಗೆ ಬಂದರು. ಪ್ರೇಮಮ್ಮ ಕಿಟಕಿಯಿಂದ ಒಂದು ಬುತ್ತಿಯ ಗಂಟು ಕೊಟ್ಟಳು. ಬಸ್ಸು ಇನ್ನೇನು ಹೊರಡಬೇಕು ಅನ್ನುವಾಗ ಗುರುಶಾಂತಮ್ಮ ಸೆರಗಿನೊಳಗಿಂದ ಇನ್ನೊಂದು ಗಂಟು ತೆಗೆದು, ಯಾರ ಮುಖವನ್ನೂ ನೋಡದೆ, ಅವಳ ಮಡಿಲಿಗೆ ಹಾಕಿದಳು.

ಹುಣಸೂರಿನಲ್ಲಿ ಬಸ್ಸು ನಿಂತಿತು. ಜನ ಇಳಿದು ಹೋಟೆಲಿನ ಕಡೆ ನಡೆದರು, ಕೆಲವರು ಕೂತಲ್ಲೇ ಬುತ್ತಿ ಬಿಚ್ಚಿದರು. ನೀಲಾಳಿಗೂ ಹಸಿವಾಗಿತ್ತು. ಬುತ್ತಿಗಳೆರಡೂ ಇನ್ನೂ ಬೆಚ್ಚಗಿದ್ದವು. ಒಂದರ ಗಂಟಿನ ಮೇಲೆ ಬೆರಳಿಟ್ಟು, ಇನ್ನೊಂದರ ಕಡೆ ನೋಡಿದಳು. ಇಳಿದವರೆಲ್ಲ ಒಬ್ಬೊಬ್ಬರಾಗಿ ಹತ್ತಿ ಕುಳಿತರು. ಬಸ್ಸು ಮೈಸೂರಿನ ದಾರಿ ಹಿಡಿದಾಗ ಅವಳ ಬೆರಳು ಇನ್ನೂ ಅಲ್ಲೇ ಇತ್ತು.