ಐವತ್ತೊಂದನೆಯ ಪುಟ

ಟಪ್. ತುಸು ಬಿಟ್ಟು ಮತ್ತೆ, ಟಪ್. ರಾತ್ರಿ ಹನ್ನೊಂದು ಗಂಟೆಗೆ ಗ್ರಂಥಾಲಯದಿಂದ ಬರುತ್ತಿದ್ದುದು ಅಕ್ಕ ಅಂಗೈಯಿಂದ ಚೀಟಿ ಒತ್ತುವ ಸದ್ದು.

ಬೆಳಿಗ್ಗೆ ನಮ್ಮ ಮ್ಯಾನೇಜ್‌ಮೆಂಟ್ ಕಾಲೇಜಿಗೆ ಮಾನ್ಯತೆ ಕೊಡಲು ತಪಾಸಣೆಯವರು ಬರುವುದಿತ್ತು. ಎರಡು ವರ್ಷದ ಹಿಂದೆ ಈ ಕಟ್ಟಡ ಕುರ್ಚಿ, ಮಂಚ ಮಾರುವ ಮಳಿಗೆಯಾಗಿತ್ತು. ಈಗ ಗಾಜಿನ ಗೋಡೆ, ಸಾಲ ಮಾಡಿ ಫೀಸು ಕಟ್ಟಿದ ಮುನ್ನೂರು ಮಕ್ಕಳು. ಪುಸ್ತಕ ಸಾವಿರ ಇರಬೇಕೆಂದು ನಿಯಮ, ಇದ್ದದ್ದು ಇನ್ನೂರು. ಉಳಿದ ಎಂಟುನೂರು ನಿರ್ದೇಶಕರ ಗೆಳೆಯರ ಕಾಲೇಜಿನಿಂದ ಒಂದು ವಾರದ ಮಟ್ಟಿಗೆ ಟೆಂಪೋದಲ್ಲಿ ಬಂದಿದ್ದವು. ಆ ಕಾಲೇಜಿನ ಮೊಹರಿನ ಮೇಲೆ ನಮ್ಮ ಚೀಟಿ ಅಂಟಿಸುವವರು ಅಟೆಂಡರ್ ಅಕ್ಕ. ನಾನು ಗುತ್ತಿಗೆಯ ಉಪನ್ಯಾಸಕಿ. ಟೈಪಿಂಗೂ ನನ್ನ ತಲೆಗೇ.

"ಬಾಡಿಗೆ ಪುಸ್ತಕ, ಬಾಡಿಗೆ ಮೇಷ್ಟ್ರು. ಫೀಸೊಂದೇ ಅಸಲಿ, ಅಲ್ವಾ ಮೇಡಂ?" ಅಕ್ಕ ನಕ್ಕರು. ಮೂರು ರಾತ್ರಿಯ ಗೋಂದು ಒಣಗಿ ಬೆರಳ ಚರ್ಮ ಸುಲಿದಿತ್ತು.

"ಮನೆಗೆ ಹೋಗಿ ಅಕ್ಕ."

"ಮಾನ್ಯತೆ ಸಿಗ್ಲಿ, ಕಾಯಂ ಮಾಡ್ತೀನಿ ಅಂದಿದಾರಲ್ಲ ಸಾಹೇಬ್ರು. ನೀವು ಟೈಪ್ ಮಾಡಿದ ಕಾಯಂ ಪಟ್ಟೀಲಿ ನನ್ ಹೆಸರಿದೆ ತಾನೆ?"

ನಾನು ಪಟ್ಟಿಯ ಹಾಳೆಯನ್ನು ಫೈಲಿನೊಳಗೆ ಸರಿಸಿದೆ.

"ಯಾಕ್ ಮುಚ್ಚಿಡ್ತೀರಿ? ತೋರ್ಸಿ."

ತೋರಿಸಿದೆ. ಅಕ್ಕ ಬೆರಳಿಟ್ಟು ಎರಡು ಸಲ ಓದಿದರು. ಅವರ ಜಾಗದಲ್ಲಿ ನಿರ್ದೇಶಕರ ನಾದಿನಿಯ ಹೆಸರಿತ್ತು.

"ಹೊಳೆ ದಾಟಿದ್ಮೇಲೆ ಅಂಬಿಗನ್ನ ಮರೀತಾರಂತೆ. ಇವರು ನಡುನೀರಲ್ಲೇ ತಳ್ಳಿದ್ರಲ್ಲ ಮೇಡಂ!"

ಅಷ್ಟರಲ್ಲಿ ನಿರ್ದೇಶಕರೇ ಬಂದರು. "ಮೊದಲ ಪುಟ, ಕೊನೇ ಪುಟ, ಎಲ್ಲದಕ್ಕೂ ಚೀಟಿ ಬಿತ್ತಾ?"

"ಬಿತ್ತು ಸಾರ್. ನೀವು ಹೇಳಿದಷ್ಟೂ ಮಾಡಿದೀನಿ."

"ಶಭಾಷ್. ನಾವೆಲ್ಲ ಒಂದೇ ಮನೆಯವ್ರು, ನೆನಪಿರ್ಲಿ."

ಅವರು ಅತ್ತ ಹೋಗುತ್ತಲೇ ಅಕ್ಕ ಗೊಣಗಿದರು: "ಹೌದಪ್ಪ, ನಾದಿನಿ ಒಳಗೆ, ನಾನು ಹೊರಗೆ."

ಆಮೇಲೆ ಒಂದು ದಪ್ಪ ಪುಸ್ತಕ ತೆಗೆದು ನನ್ನ ಮುಂದೆ ಬಿಡಿಸಿದರು. "ಇಲ್ಲಿಗೆ ಬರೋಕ್ ಮುಂಚೆ ಹನ್ನೆರಡು ವರ್ಷ ಬೇರೆ ಲೈಬ್ರರಿಗಳ ಧೂಳು ಕುಡಿದೋಳು ನಾನು. ಯಾವ ಲೈಬ್ರರಿ ಪುಸ್ತಕದಲ್ಲೂ ಒಳಗೊಂದು ಗುಟ್ಟಿನ ಪುಟ ಇರುತ್ತೆ. ಕದ್ದೋರು ಮೊದಲ ಹಾಳೆ ಹರಿದ್ರೂ ಸಿಕ್ಕಿಬೀಳ್ಲಿ ಅಂತ ಅಲ್ಲೂ ಮೊಹರು ಒತ್ತಿರ್ತಾರೆ. ಆ ಕಾಲೇಜಿನೋರದು ಐವತ್ತೊಂದು."

ಐವತ್ತೊಂದನೆಯ ಪುಟದಲ್ಲಿ ಬೇರೆ ಕಾಲೇಜಿನ ಹೆಸರು, ದುಂಡಗೆ, ನೀಲಿಯಾಗಿ. ಅದರ ಮೇಲೆ ಚೀಟಿ ಇರಲಿಲ್ಲ.

"ಸಾಹೇಬ್ರಿಗೆ ಇದು ಗೊತ್ತಿಲ್ಲ. ನಾನೇ ಇದನ್ನೂ ಮುಚ್ಚೋಣ ಅಂತ ಈ ರಾತ್ರಿನ ಇಟ್ಕೊಂಡಿದ್ದೆ." ಅಕ್ಕ ಗೋಂದಿನ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. "ಇನ್ನು ನನ್ನ ನಿದ್ದೆ ನನಗೆ."

"ಅಕ್ಕ, ತಪಾಸಣೆಯವ್ರು ನೋಡಿದ್ರೆ?"

"ಓದಿದೋರಾದ್ರೆ ನೋಡ್ತಾರೆ. ಇವರೂ ಬಾಡಿಗೆಯೋರಾದ್ರೆ ಇಲ್ಲ." ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದರು.

ಹತ್ತು ನಿಮಿಷಕ್ಕೆ ನಿರ್ದೇಶಕರ ತಲೆ ಮತ್ತೆ ಬಾಗಿಲಲ್ಲಿ. "ಮೇಡಂ, ಏನಾದ್ರೂ ಬಿಟ್ಟುಹೋಗಿದ್ರೆ ಈಗ್ಲೇ ಹೇಳಿ. ಇನ್ನೂ ರಾತ್ರಿ ಇದೆ. ನಿಮ್ ಕಾಂಟ್ರಾಕ್ಟೂ ಬರೋ ತಿಂಗಳು ಮುಗಿಯುತ್ತೆ, ಮರೀಬೇಡಿ."

ಮೇಜಿನ ಮೇಲೆ ಗೋಂದಿತ್ತು, ಚೀಟಿಗಳಿದ್ದವು. ಬೆಳಗಾಗಲು ಏಳು ಗಂಟೆಯಿತ್ತು. ನಾಳೆ ಕೇಳಿದರೂ, ನಾಡಿದ್ದು ಕೇಳಿದರೂ, ಐವತ್ತೊಂದರ ಮಾತು ಯಾರಿಗೂ ಹೇಳುವುದಿಲ್ಲವೆಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಪುಸ್ತಕ ಮುಚ್ಚಿ ಕಪಾಟಿಗಿಟ್ಟೆ. ತಪಾಸಣೆಯವರ ಕಣ್ಣಿಗೆ ನೇರ ಬೀಳುವ ಸಾಲಿಗೆ.

"ಏನೂ ಉಳಿದಿಲ್ಲ ಸಾರ್," ಎಂದೆ.