ಎರಡು ಲಾಳಿಯ ಆಟ

ನನ್ನ ಮೊಮ್ಮಗಳು ಪ್ರಶಾಂತಿ ಮೊದಲು ಮಾಡಿದ ಫೋನಿನ ಆಟ ಇಪ್ಪತ್ತು ದಿನದಲ್ಲಿ ಮುಗಿದಿತ್ತು. ಮೇಲಿನಿಂದ ಬಣ್ಣಬಣ್ಣದ ನೂಲಿನ ಕಂಡಿಕೆಗಳು ಉದುರುತ್ತವೆ. ಕೆಂಪನ್ನು ಕೆಂಪು ಬುಟ್ಟಿಗೆ, ಹಸಿರನ್ನು ಹಸಿರು ಬುಟ್ಟಿಗೆ ಹಾಕಬೇಕು. ಓಣಿಯವರೆಲ್ಲ ಆಡಿದರು. ಕೋಳಿ ಮಾರುವ ಎಂಕಪ್ಪ ತಕ್ಕಡಿ ಬದಿಗಿಟ್ಟು ಆಡಿದ. ಎರಡನೆಯ ಆಟ ಮಾತ್ರ ಎಂಟು ತಿಂಗಳಾದರೂ ಎದ್ದು ನಿಲ್ಲಲಿಲ್ಲ.

ಅವಳಪ್ಪ, ಅಂದರೆ ನನ್ನ ಮಗ ಮಾರ್ಕಂಡೇಯನದು ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ. ಅವನ ಪ್ರಶ್ನೆ ಒಂದೇ.

"ಮೊದಲನೇದು ಇಪ್ಪತ್ತು ದಿನಕ್ಕ ಆತು. ಇದು ಯಾಕ ಆಗವಲ್ದು? ಒಂದು ಸೀರಿ ನೇಯ್ದವರಿಗೆ ಎರಡನೇದು ಬೇಗ ಆಗತೈತೋ, ತಡ ಆಗತೈತೋ?"

"ಎಲ್ಲಾ ಆಟ ಒಂದ ನಮೂನಿ ಇರಂಗಿಲ್ಲಪ್ಪ," ಎಂದಳು ಪ್ರಶಾಂತಿ.

"ಎಲ್ಲಾ ನೆವ ಮಾತ್ರ ಒಂದ ನಮೂನಿ ಇರತಾವ."

ಕೊನೆಗೆ ಅವನೇ ಗಡುವು ಹಾಕಿದ. ನಾರಾಯಣಪೇಟೆ ಬೇರೆ ಜಿಲ್ಲೆಯಾದ ವರ್ಷ ಅದು. ಆಗಸ್ಟ್ ಏಳರ ಕೈಮಗ್ಗದ ದಿನಕ್ಕೆ ನೇಕಾರರ ಸಭೆ ಇತ್ತು. ಅಲ್ಲಿ ಎಲ್ಲರೆದುರು ಆಟ ಆಡಿ ತೋರಿಸಿದರೆ ಪ್ರಶಾಂತಿ ತನ್ನ ಕೆಲಸ ಮುಂದುವರಿಸಬಹುದು. ಇಲ್ಲವಾದರೆ ಮರುದಿನದಿಂದ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತ ಕೂರಬೇಕು. ಹುಡುಗಿ ಹೂಂ ಅಂದಳು. ಹೂಂ ಅಂದಾಗ ಉಳಿದಿದ್ದದ್ದು ಹದಿನಾರೇ ದಿನ.

ಆಟ ಗದ್ವಾಲ ಸೀರೆಯದು. ಆ ಸೀರೆಯ ಮೈ ಹತ್ತಿಯದು, ದಡಿ ರೇಷ್ಮೆಯದು. ಪ್ರತಿ ಸಾಲಿನಲ್ಲೂ ಹತ್ತಿಯ ಎಳೆಗೂ ರೇಷ್ಮೆಯ ಎಳೆಗೂ ಕೊಂಡಿ ಹಾಕಬೇಕಾದ್ದರಿಂದ ಮಗ್ಗಕ್ಕೆ ಇಬ್ಬರು, ಎಳೆ ಹಾಯಿಸುವ ಲಾಳಿಯೂ ಎರಡು. ನಾನು ಹುಟ್ಟಿದ್ದು ಗದ್ವಾಲದಲ್ಲಿ. ಮದುವೆಯಾಗಿ ಇಲ್ಲಿಗೆ ಬರುವವರೆಗೆ ಆರು ವರ್ಷ ಅಣ್ಣನ ಹೆಂಡತಿ ಜಮ್ಮುಲಮ್ಮನ ಜೊತೆ ಒಂದೇ ಮಗ್ಗದಲ್ಲಿ ಕೂತವಳು. ಮೈ ನನ್ನದು, ದಡಿ ಅತ್ತಿಗೆಯದು. ಆ ಕಥೆ ಕೇಳಿ ಕೇಳಿಯೇ ಪ್ರಶಾಂತಿ ಇದಕ್ಕೆ ಕೈ ಹಾಕಿದ್ದು. ನಾರಾಯಣಪೇಟೆಯಲ್ಲಿ ಒಬ್ಬರು, ಗದ್ವಾಲದಲ್ಲಿ ಒಬ್ಬರು, ಅವರವರ ಫೋನಿನ ಮೇಲೆ ಬೆರಳಾಡಿಸಿ ಒಂದೇ ಸೀರೆ ನೇಯಬೇಕು. ದಡಿಯವರು ಜರಿ ಹಾಕಿದರೆ ಮೈಯವರ ಕೊಂಡಿ ಸಡಿಲವಿರಬೇಕು, ರೇಷ್ಮೆ ಹಾಕಿದರೆ ಬಿಗಿಯಿರಬೇಕು. ಆಡಿ ನೋಡಲು ನಾನು ಮತ್ತು ಅತ್ತಿಗೆಯೇ ಆಗಬೇಕೆಂದು ಅವಳ ಹಟ.

ಮೊದಲ ದಿನ ನಾನು ಲಾಳಿ ಎಸೆದೆ. ಅದು ಇದ್ದಲ್ಲೇ ಇತ್ತು. ಆಮೇಲೆ ಮಧ್ಯಾಹ್ನದ ನಿದ್ದೆಯಿಂದ ಎದ್ದವರ ಹಾಗೆ ನಿಧಾನಕ್ಕೆ ಹೊರಟಿತು. ಮಾತಿಗೆಂದು ಇಟ್ಟಿದ್ದ ಇನ್ನೊಂದು ಫೋನಿನಲ್ಲಿ ಅತ್ತಿಗೆಯ ದನಿ ಬಂತು.

"ಏ ಬಾಲಮ್ಮ, ಕೈ ಸೋತಾವೇನ? ನಾ ಎಳಿ ಹಾಕಿ ಎಲಿ ಅಡಿಕಿನೂ ಹಾಕ್ಕೊಂಡೆ. ನಿಂದು ಇನ್ನೂ ಬರವಲ್ದು."

"ತಡ ನಂದಲ್ಲರೀ ಅತ್ತಿಗಿ. ನಿಮ್ಮ ಲಾಳಿನ ಇಲ್ಲಿ ಮಕ್ಕೊಂಡೈತಿ."

"ನಮ್ಮ ಗದ್ವಾಲ್ ಜಿಲ್ಲಾ ಆಗಿ ಮೂರು ವರ್ಷ ಆತು. ನಿಮ್ಮದು ಮೊನ್ನಿ ಮೊನ್ನಿ ಆತು. ತಡ ಯಾರದಂತ ಸರ್ಕಾರನ ಹೇಳೈತಿ, ಬಿಡು."

"ತಡ ಇಬ್ಬರದೂ ಅಲ್ಲ, ಹಾದಿದು," ಎಂದಳು ಪ್ರಶಾಂತಿ. "ಅಜ್ಜಿ, ನೀ ಎಳಿ ಹಾಕಿದ ಸುದ್ದಿ ಮೊದಲು ಹೈದರಾಬಾದಿಗೆ ಹೋಗತೈತಿ. ಅಲ್ಲಿಂದ ಗದ್ವಾಲಿಗೆ."

"ಮಕ್ತಲ್‌ನಾಗ ಬಸ್ಸು ಬದಲಿ ಮಾಡಿದ್ರ ಸೀದಾ ಗದ್ವಾಲ. ಹೈದರಾಬಾದಿಗೆ ಯಾಕ ಹೋಗಬೇಕು?"

"ಅದರ ಡಿಪೋ ಅಲ್ಲೈತಿ."

ಹೋಗಿ ಮುಟ್ಟಲು ರೆಪ್ಪೆ ಬಡಿಯುವಷ್ಟು ಹೊತ್ತಂತೆ. ಆದರೆ ಕೈಗೆ ಅಷ್ಟೇ ಸಾಕು, ಲಾಳಿ ತನ್ನದಲ್ಲ ಅನ್ನಿಸಿಬಿಡುತ್ತದೆ.

"ಕಂಡಿಕಿ ಆಟ ಒಬ್ಬರದು, ಯಾರಿಗೂ ಕಾಯಂಗಿಲ್ಲ," ಎಂದು ಅವಳು ತಿಳಿಸಿ ಹೇಳಿದಳು. "ಚೌಕಾಬಾರಾ ಇಬ್ಬರದು, ಆದ್ರ ಒಬ್ಬರಾದ ಮ್ಯಾಲ ಒಬ್ಬರು. ಕಾಗದ ಬರದೂ ಆಡಬಹುದು. ಇದು ಇಬ್ಬರೂ ಒಮ್ಮೆಲೆ ಆಡೋದು. ಎರಡೂ ಕಡಿ ಸುದ್ದಿ ಮುಟ್ಟೋತನಕ ಆಟ ನಿಲ್ಲಿಸಬೇಕು. ನಿಲ್ಲಿಸಲಿಲ್ಲಂದ್ರ ನಿನ್ನ ಫೋನಿನಾಗ ಒಂದು ಸೀರಿ, ಅವರ ಫೋನಿನಾಗ ಇನ್ನೊಂದು ಸೀರಿ."

ಆದರೂ ನಿಲ್ಲಿಸದೆ ಮಾಡಿ ನೋಡುತ್ತೇನೆಂದು ಒಂದು ವಾರ ಕಳೆದಳು. ಅವಳು ಹೇಳಿದ ಹಾಗೆಯೇ ಆಯಿತು. ನನ್ನ ಸೀರೆ ನೆಟ್ಟಗಿತ್ತು. ಗದ್ವಾಲದಲ್ಲಿ ದಡಿ ಮೈ ಬಿಟ್ಟು ಜೋತಾಡುತ್ತಿತ್ತಂತೆ.

"ಇದನ್ನ ಉಟ್ಕೊಂಡು ಹೊಂಟ್ರ ದಡಿ ಗದ್ವಾಲ್‌ನಾಗ, ಸೀರಿ ಮಕ್ತಲ್‌ನಾಗ!" ಎಂದಳು ಅತ್ತಿಗೆ. ನಾನು ನಕ್ಕೆ. ಪ್ರಶಾಂತಿ ನಗಲಿಲ್ಲ. ಫೋನನ್ನು ಮಗುಚಿಟ್ಟು ಗೋಡೆಗೆ ಒರಗಿದಳು.

"ನಾಳಿಂದನ ಅಂಗಡಿಗೆ ಹೋಗತೀನಿ ಅಜ್ಜಿ. ಇಂಥಾ ಆಟ ಮಾಡಾಕ ದೊಡ್ಡ ದೊಡ್ಡೋರು ಹೈರಾಣ ಆಗ್ಯಾರ. ನಾವಿಬ್ಬರೂ ಒಮ್ಮೆಲೆ ಲಾಳಿ ಹೊಡಿತಿದ್ದಿವಿ ಅಂದಿದ್ದಿ, ನಾ ನಂಬಿ ಕೈ ಹಾಕಿದೆ."

ತಪ್ಪು ಎಲ್ಲಿತ್ತೆಂದು ನನಗೆ ಹೊಳೆದದ್ದು ಆಗ. ಐವತ್ತು ವರ್ಷದಿಂದ ನಾನು ಹಾಗೆಯೇ ಹೇಳುತ್ತ ಬಂದಿದ್ದೆ. ಕಥೆ ಹೇಳುವಾಗ ಹಾಗೆ ಹೇಳಿದರೇ ಚೆಂದ.

"ಒಮ್ಮೆಲೆ ಎಲ್ಲಿದು ತಂಗಿ? ನೋಡೋರಿಗೆ ಹಂಗ ಕಾಣತಿತ್ತು. ನಿಮ್ಮ ಜಮ್ಮುಲಮ್ಮಜ್ಜಿ ಮಗ್ಗದ ಮುಂದ ಕುಂತ ಕೂಸಿಗೆ ಹಾಲು ಕುಡಿಸಾಕಿ, ಹಾದಿಲೆ ಹೋಗೋರ ಜೋಡಿ ಜಗಳಾನೂ ಆಡಾಕಿ. ಅಕಿಗೆ ಕಾಯ್ಕೋತ ಕುಂತಿದ್ರ ನನ್ನ ಮದವಿ ಸೀರಿ ಇನ್ನೂ ಮಗ್ಗದ ಮ್ಯಾಲ ಇರತಿತ್ತು."

"ಮತ್ತ ಹೆಂಗ ನೇಯತಿದ್ದಿ?"

"ಹಿಂದಿನ ಸಾಲಿನಾಗ ಅಕಿ ಜರಿ ಹಾಕಿದ್ರ ಇದೂ ಜರಿನ ಅಂತ ತಿಳದು ನನ್ನ ಕೊಂಡಿ ಹಾಕಿ ಮುಂದ ಹೋಗತಿದ್ದೆ. ಹತ್ತರಾಗ ಒಂಬತ್ತು ಸಲ ಹಂಗ ಇರತಿತ್ತು."

"ಹತ್ತನೇ ಸಲ?"

"ಬಿಚ್ಚೋದು. ಅಕಿ ಹಾಕಿದ್ದು ನೋಡಿ ಆ ಎಳಿ ಹಿಂದಕ ತಗದು, ಸರಿ ಮಾಡಿ ಹಾಕೋದು. ಲಾಳಿಗಿಂತ ಬೆರಳು ಚುರುಕಿರಬೇಕು, ಅಷ್ಟ."

ಪ್ರಶಾಂತಿ ಬಹಳ ಹೊತ್ತು ನನ್ನ ಬೆರಳನ್ನೇ ನೋಡಿದಳು. ಆಮೇಲೆ ಫೋನು ತಿರುಗಿಸಿದಳು. ನಂತರ ಗೊತ್ತಾದದ್ದು, ದೊಡ್ಡ ದೊಡ್ಡೋರೂ ಹೈರಾಣಾಗಿ ಆಗಿ ಕಡೆಗೆ ಇದೇ ಉಪಾಯಕ್ಕೆ ಬಂದಿದ್ದರಂತೆ. ಅವಳೂ ಅದನ್ನು ಎಲ್ಲೋ ಓದಿ, ನಮ್ಮ ಸೀರೆಗೆ ಒಗ್ಗುವುದಿಲ್ಲವೆಂದು ಬಿಟ್ಟಿದ್ದಳಂತೆ. ಇಬ್ಬರೂ ಒಮ್ಮೆಲೆ ಎಂದು ಅಜ್ಜಿ ಹೇಳಿರಲಿಲ್ಲವೇ!

ಇನ್ನು ಫೋನು ಆಚೆಯ ಸುದ್ದಿಗೆ ಕಾಯದೆ ಅಂದಾಜಿನ ಮೇಲೆ ನೇಯಬೇಕು, ತಪ್ಪಿದರೆ ಬಿಚ್ಚಬೇಕು. ಆದರೆ ಬಿಚ್ಚುವುದು ಹೇಳಿದಷ್ಟು ಸಲೀಸಲ್ಲ. ಬಿಚ್ಚಬೇಕಾದರೆ ಪ್ರತಿ ಎಳೆಗೂ ಮುಂಚೆ ಬಟ್ಟೆ ಹೇಗಿತ್ತು ಎಂಬುದು ಫೋನಿಗೆ ನೆನಪಿರಬೇಕು. ಅವಳ ಆಟಕ್ಕೆ ಮುಂದೆ ಹೋಗುವುದಷ್ಟೇ ಗೊತ್ತಿತ್ತು. ಎಂಟು ತಿಂಗಳ ಕೆಲಸವನ್ನು ಹಾಸಿನ ಎಳೆಯಿಂದಲೇ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಅವಳು ಊಟಕ್ಕೆ ಕೂತು ರೊಟ್ಟಿ ಮುರಿಯುವುದನ್ನೇ ಮರೆಯುತ್ತಿದ್ದಳು. ನಾನು ಮುರಿದು ಕೊಡುತ್ತಿದ್ದೆ.

ಎರಡು ದಿನ ಉಳಿದಿದ್ದಾಗ ಆಡಿದೆವು. ಲಾಳಿ ಕೈಯ ಜೊತೆಗೇ ಹೋಯಿತು! ಆದರೆ ಒಮ್ಮೊಮ್ಮೆ ಸೀರೆ ಬೆಚ್ಚಿಬಿದ್ದ ಹಾಗೆ ಗೇಣುದ್ದ ಹಿಂದಕ್ಕೆ ಜಿಗಿಯುತ್ತಿತ್ತು.

"ಸುದ್ದಿ ಇಲ್ದನ ಎಷ್ಟು ಎಳಿ ಮುಂದ ಬಿಡತೀಯವ್ವ?" ಎಂದು ಕೇಳಿದೆ.

"ಹನ್ನೆರಡು."

"ಹನ್ನೆರಡು ಎಳಿ ತನಕ ಯಾರನ್ನೂ ನಂಬಬಾರದು. ಅತ್ತಿಗಿನ್ನಂತೂ ಬ್ಯಾಡ. ನಾ ಮೂರರ ಮ್ಯಾಲ ಹೋಗತಿರಲಿಲ್ಲ. ಮೂರಾದ್ರೂ ಸುದ್ದಿ ಇಲ್ಲಂದ್ರ, ಜರಾ ನಿಂತು ಕೂಗತಿದ್ದೆ."

ಮೂರು ಮಾಡಿದಳು.

ಕೈಮಗ್ಗದ ದಿನ ಸಭೆಯಲ್ಲಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ಮಾರ್ಕಂಡೇಯ ಎದುರಿಗೇ ಕೈಕಟ್ಟಿ ನಿಂತ. ಪ್ರಶಾಂತಿ ನನ್ನ ಹಿಂದೆ. ಅವಳ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಗದ್ವಾಲದಿಂದ ಅತ್ತಿಗೆ ಕೂಗಿದಳು, "ಶುರು ಮಾಡವ್ವ, ಪುರ್‌ಸತ್ತಿಲ್ಲ ನನಗ."

ಮೊದಲ ಗೇಣು ಇಬ್ಬರ ಲಾಳಿಗಳೂ ಒಂದೇ ಸಮನೆ ಓಡಿದವು. ಜರಿ, ಜರಿ, ಜರಿ. ಜರಿ, ಜರಿ, ಜರಿ. ಆಮೇಲೆ ಅತ್ತಿಗೆಯ ದನಿಯಲ್ಲಿ ಸಣ್ಣ ನಗು ಕೇಳಿತು. ಆ ನಗು ನನಗೆ ಗೊತ್ತು. ಜರಿ ಬರಬೇಕಾದಲ್ಲಿ ಬೇಕೆಂದೇ ರೇಷ್ಮೆ ಎಸೆದಳು. ನನ್ನ ಫೋನಿನಲ್ಲಿ ಕೊಂಡಿ ಸಡಿಲವಾಗಿ ಬಿದ್ದದ್ದು ಕಣ್ಣು ಮಿಟುಕಿಸುವುದರೊಳಗೆ ತಾನೇ ಬಿಚ್ಚಿ ಬಿಗಿಯಾಯಿತು. ಸಭೆಯಲ್ಲಿ ಯಾರಿಗೂ ಕಾಣಲಿಲ್ಲ. ನಾನು ಮುಂದಿನ ಎಳೆ ಎಸೆದೆ.

ಮೊಳದುದ್ದ ಆದಾಗ ಮಾರ್ಕಂಡೇಯ ಕೈ ಚಾಚಿ ಫೋನು ಇಸಿದುಕೊಂಡ. ಸೀರೆ ಕೊಳ್ಳುವಾಗ ಅವನು ದಡಿ ಮೈಗೆ ಸೇರುವ ಗೆರೆಯ ಮೇಲೆ ಉಗುರು ಎಳೆದು ನೋಡುತ್ತಾನೆ. ಕೊಂಡಿ ಸರಿಯಿಲ್ಲದಿದ್ದರೆ ಉಗುರು ತಡೆಯುತ್ತದೆ. ಈಗಲೂ ಹೆಬ್ಬೆರಳಿನ ಉಗುರನ್ನು ಗಾಜಿನ ಮೇಲೆ ಎಳೆದ. ಮೇಲಿನಿಂದ ಕೆಳಗೆ, ಮತ್ತೊಮ್ಮೆ ಕೆಳಗಿನಿಂದ ಮೇಲೆ.

"ಅಪ್ಪ, ಅದು ಗಾಜು," ಎಂದಳು ಪ್ರಶಾಂತಿ ಮೆಲ್ಲಗೆ.

"ಗೊತ್ತೈತಿ," ಎಂದ. ಫೋನು ಅವಳ ಕೈಗಿಟ್ಟ. "ಉಗುರು ಎಲ್ಲೂ ತಡೀಲಿಲ್ಲ. ನಾಳಿ ಅಂಗಡಿಗೆ ನಾ ಒಬ್ಬನ ಹೋಗತೀನಿ."

"ಏ ಬಾಲಮ್ಮ!" ಗದ್ವಾಲದಿಂದ ಕೂಗು ಬಂತು. "ಮೂರು ಎಳಿ ಆತು, ನಿಂತೀನಿ. ಎಲ್ಲಿ ಹೋದಿ?"